ಉಗುರಿಗೆ ಸಿಗುವ ಗೀರು

ಬಾಯಾರ, ಕಣ್ಣಿಂದ ನೋಡಬ್ಯಾಡ್ರಿ, ಕಣ್ಣು ಸುಳ್ಳ ಹೇಳತಾವ.
ಈ ಕ್ಯಾರಿಬ್ಯಾಗಿನ್ಯಾಗ ಕೈ ಹಾಕ್ರಿ,
ಬಾನೆಟ್ ಮ್ಯಾಲ ಸಾವಕಾಶ ಸವರ್ರಿ.
ಹತ್ತತೈತೇನು, ಹುಗ್ಗಿಗೆ ಒಡದ ಗೋದಿಗತೆ
ತರಿ ತರಿ, ತರಿ ತರಿ?
ಇಪ್ಪತ್ತೆಂಟು ವರ್ಷದ ಸಿಮೆಂಟು ಅದು.
ಫ್ಯಾಕ್ಟರಿ ಧೂಳು ರಾತ್ರಿ ಬಂದು ಕೂಡತೈತಿ,
ನಸುಕಿನ್ಯಾಗ ಇಬ್ಬನಿ ಬಿದ್ದು ಗಿಲಾವ್ ಮಾಡಿ ಹೋಗತೈತಿ.
ನೀವು ದಿನಾ ಒಂದ ಬಕೀಟು ನೀರು ಹಾಕಿದ್ರಿ,
ತೊಳದಂಗ ಅಲ್ಲ,
ಕ್ಯೂರಿಂಗ್ ಮಾಡಿದಂಗಾತು.

ನಗಬ್ಯಾಡ್ರಿ.

ಮೊದಲ ಶಿರ್ಕಾ. ಆಮ್ಯಾಲ ಈ ಮೆತ್ತನ ಉಂಡಿ,
ಸಾಬೂನು ನೀರು ಚಿಮುಕಿಸಿ ಜಾರಿಸಬೇಕು, ಒತ್ತಬಾರದು,
ಕೂಸಿನ ಹೊಟ್ಟಿಗೆ ಎಣ್ಣಿ ಹಚ್ಚಿದಂಗ.
ಸಂಜೀತನಕ ಬಾನೆಟ್ ಮತ್ತ ಟಪ್ಪು, ಅಷ್ಟ.
ಮರುದಿನ ಎರಡು ಸಾವಿರ ನಂಬರಿನ ನೀರಪೇಪರು,
ಕಂಪೌಂಡು, ಬಫಿಂಗ್ ಮಶೀನು,
ಕರೆಂಟ್ ಇದ್ರ.

ಅರಿವಿ ನೋಡ್ರಿ, ಕೆಂಪಗ ಹತ್ತೇತಿ.
ಹಳೇ ಮಾರುತಿಗೆ ಮ್ಯಾಲ ಗಾಜಿನಂಥಾ ಪದರು ಇರೂದಿಲ್ಲ,
ಬಣ್ಣಾನ ಅದರ ಚರ್ಮ.
ಬಿಸಲಿಗೆ ಸತ್ತದ್ದು ಅರಿವಿಗೆ ಬಂತು.
ಕೆಳಗಿಂದು ತೊಂಬತ್ತಾರರ ಕೆಂಪು,
ನೀವು ಟೈರಿಗೆ ನಿಂಬಿಹಣ್ಣು ಇಟ್ಟ ದಿನದ ಕೆಂಪು!

ಇನ್ನ ಗೀರು.
ಗೀರಿಗೆ ಒಂದ ಕಾಯ್ದೆ: ಉಗುರು ಅಡ್ಡ ಎಳೀರಿ.
ಜಾರಿ ಹೋತೋ, ನನ್ನ ಅರಿವಿ ಸಾಕು.
ತಡದು ನಿಂತಿತೋ,
ಪುಟ್ಟಿ, ಪ್ರೈಮರು, ಬಣ್ಣ, ರೊಕ್ಕ.
ಗಾಡಿ ಅಲ್ರಿ ಇದು, ಹಾಜರಿ ಪುಸ್ತಕ.
ಇದು ಎಮ್ಮಿ ಕೋಡು ಇರಬೇಕು.
ಇದು ಯಾವದೋ ಗೇಟಿನ ಚಿಲಕ.
ಎಡಗಡಿ ಹಿಡಿಕಿ ಸುತ್ತ ಕೂದಲಿನಂಥಾವು
ನಿಮ್ಮ ಬಳಿ ಬರದಾವ.

ಆದ್ರ ಎಡಗಡಿ ಹಿಂದಿನ ಬಾಗಲದ್ದು,
ಮೊಣಕೈ ಉದ್ದ, ತಗಡು ಕಾಣೂಮಟ,
ಅದು ನಂದರೀ.

ನಿಮಗ ನೆನಪಾಗೂದಿಲ್ಲ, ಎಷ್ಟ ಮಂದಿ ಕಲತಾರ ನಿಮ್ಮ ಕೈಯಾಗ.
ನಾನು ನೀಲಗಾರ ಮಳಿಯಪ್ಪನ ಮಗ ಈರಸಂಗಪ್ಪ.
ಅಜ್ಜ ಸೀರಿ ನೂಲಿಗೆ ಬಣ್ಣ ಹಾಕತಿದ್ದ, ನಾನು ತಗಡಿಗೆ.
ಹಳೇ ಊರಾಗ ನಮ್ಮ ಓಣಿ, ಎರಡು ಚಕ್ಕಡಿ ಎದುರಾದ್ರ
ಒಂದು ಹಿಂದ ಸರೀಬೇಕು, ಅಂಥಾ ಓಣಿ.
ಎದುರು ಕಡ್ಲಿ ಚೀಲದ ಗಾಡಿ ಬಂತು.
ನೀವು ಬ್ರೇಕು ಬ್ರೇಕು ಅಂದ್ರಿ,
ನಾ ಕ್ಲಚ್ ತುಳದೆ.
ಹೋಗಿ ನಮ್ಮ ಮನಿ ಗ್ವಾಡಿಗೇ ತಿಕ್ಕಿತು.
ಅವ್ವ ಬಾಗಲದಾಗ ನಿಂತು
ಗ್ವಾಡಿ ಕೆರದ್ಯಲ್ಲೋ ಭಾಡ್ಯಾ ಅಂದ್ಲು,
ನಿಮ್ಮ ಕಾರಿನ ಬಗ್ಗೆ ಒಂದ ಮಾತಿಲ್ಲ.

ಮುಂದಿನ ವರ್ಷ ಗ್ವಾಡಿಗೆ ಕೆಂಪು ನಂಬರು ಬರದ್ರು.
ನಮ್ದು ಇನ್ನೂರ ಹದಿನೇಳು.
ಆಮ್ಯಾಲ ಜೇಸಿಬಿ. ಆಮ್ಯಾಲ ಹಿನ್ನೀರು.
ಈಗ ಈ ನವನಗರ, ಈ ಸೆಕ್ಟರು, ಈ ಅಗಲ ರಸ್ತೆ,
ಇಲ್ಲಿ ಗೀರಬೇಕಂದ್ರೂ ಗ್ವಾಡಿ ಸಿಗೂದಿಲ್ಲ.

ನಿನ್ನೆ ಉಗುರು ಎಳದೆ. ತಡೀತು.
ಸಂದಿನ್ಯಾಗಿಂದ ಬಿಳೇದೊಂದು ಹರಳು ಬಂತು,
ಸಾಸಿವಿಗಿಂತ ಸಣ್ಣದು.
ಸುಣ್ಣ ಅಂದೆ. ಅವ್ವ ಚಿಟಿಕಿ ನೀಲಿ ಕಲಿಸಿ
ದೀಪಾವಳಿಗೆ ಬಳೀತಿದ್ಲಲ್ಲ, ಆ ಸುಣ್ಣ.
ಅದೋ, ಬರೇ ಫ್ಯಾಕ್ಟರಿ ಪುಡಿನೋ,
ಹೆಂಗ ಹೇಳ್ಲಿ.

ಉಜ್ಜಾಕ ನೀರು ಬೇಕು.
ನಮ್ಮ ನಳದ ನೀರು ಹಿನ್ನೀರಿನದಂತ, ಖರೆ ಸುಳ್ಳೋ ಗೊತ್ತಿಲ್ಲ.
ಮಗ್ಗು ಹಿಡದು ತುಸು ಹೊತ್ತು ಸುಮ್ನ ನಿಂತೆ ನೋಡ್ರಿ.
ಗ್ವಾಡಿ ನುಂಗಿದ್ದ ನೀರು
ಗೀರು ಎಲ್ಲೈತಿ ಅಂತ ಕೇಳಕೋತ
ಮನೀ ಮಟಾ ಬಂದಂಗಾತು.

ಇಲ್ಲಿಲ್ಲ, ಹಂಗ ಬಿಡೂದಿಲ್ಲ ಬಾಯಾರ, ಮುಚ್ಚತೀನಿ.
ಬಿಟ್ರ ಜಂಗ ಹಿಡೀತೈತಿ,
ಜಂಗಿಗೆ ನೆನಪು ಗಿನಪು ತಿಳಿಯೂದಿಲ್ಲ.
ಮೂರ ಕೋಟು ಹೊಡೀತೀನಿ.
ಆ ಬಾಗಲಕ್ಕ ರೊಕ್ಕ ಬ್ಯಾಡ.
ಎಮ್ಮಿದು, ಗೇಟಿಂದು, ನಿಮ್ಮ ಬಳೀದು
ಪೂರಾ ಹಿಡೀತೀನಿ, ಒಂದ ರೂಪಾಯಿ ಬಿಡೂದಿಲ್ಲ.

ಗುರುವಾರ ಬರ್ರಿ.
ಬರೇ ಕೈಲೆ ಸವರಿ ನೋಡೀರಂತ.