ಜರ್ದಾಳು ಬೀಜ

ನರೀನಿನಲ್ಲಿ ಯಾರನ್ನು ಬೇಕಾದರೂ ಕೇಳಿ,
ಪಶುವೈದ್ಯ ಜೊಲ್ದೋಷನ ಬಾಯಿಗೆ ಬಾಗಿಲಿಲ್ಲ ಅನ್ನುತ್ತಾರೆ.
ಕುದುರೆಯ ಹಲ್ಲು ನೋಡಿ ವಯಸ್ಸು ಹೇಳಬಲ್ಲೆ,
ಗಬ್ಬದ ಕುರಿಯ ಹೊಟ್ಟೆ ತಡವಿ
ಮರಿ ಒಂದೋ ಎರಡೋ ಹೇಳಬಲ್ಲೆ.
ಊಟಕ್ಕೆ ಕೂತರೂ ಅದೇ ಪುರಾಣ:
ಕಂದು ಹಾಕುವ ರೋಗ, ಅದರ ಜ್ವರ, ಅದರ ಬಾವು,
ಕುರಿಯಿಂದ ಮನುಷ್ಯರಿಗೆ ಅದು ದಾಟುವ ಬಗೆ,
ಜಿಪಾರ್ ಸೌಟು ಕುಟ್ಟಿ "ಸಾಕು, ಸಾರು ಆರಿತು" ಅನ್ನುವ ತನಕ.

ಮಗನ ವಿಷಯಕ್ಕೆ ಬಂದರೆ ಮಾತ್ರ
ನನ್ನ ಬಾಯಿ ಜನವರಿಯ ಕಣಿವೆ ದಾರಿ.
ಹಿಮ ಬಿದ್ದಿದೆ, ಮುಚ್ಚಿದೆ.
"ಕುಬಾನನಿಗೆ ಹದಿಮೂರಾಯಿತು, ನೀನೇ ಏನಾದರೂ ಹೇಳು."
"ಗಂಡುಹುಡುಗ ತಾನೇ, ತಾನಾಗಿ ತಿಳಿಯುತ್ತದೆ" ಎಂದೆ,
ನನ್ನಪ್ಪ ಎಂದ ಹಾಗೆಯೇ,
ಅದೇ ಕೆಮ್ಮು ಸಮೇತ.

ಶಾಲೆಯ ದಾದಿ ಗುಲ್ನಾಜ್ ಒಮ್ಮೆ
ಸಂತೆಯಲ್ಲಿ ಸಿಕ್ಕಿ ಹೇಳಿದ್ದಳು:
ಎದುರು ಕೂರಿಸಿ ಕೇಳಬೇಡ, ಅದು ಪೊಲೀಸರ ಕೆಲಸ.
ಪಕ್ಕದಲ್ಲಿ ಕೂರು. ಕೈಗೊಂದು ಕೆಲಸವಿರಲಿ.
ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು.
ನಾನು ಈರುಳ್ಳಿ ಆರಿಸುತ್ತಿದ್ದೆ,
ಕೇಳಿಸದವನಂತೆ.

ಜೂನಿನಲ್ಲಿ ಲಸಿಕೆ ಹಾಕಲು ಹೊರಟೆವು.
ಹಳೆಯ ನೀವಾ ಕಾರು, ಕುಬಾನನ ತೊಡೆಯ ಮೇಲೆ ಮಂಜುಗಡ್ಡೆ ಪೆಟ್ಟಿಗೆ,
ಹಿಂದಿನ ಸೀಟಿನಲ್ಲಿ ನಾಯಿ ಅಲಾ.
ಎರಡನೆಯ ಸೇತುವೆ ದಾಟಿದ ಮೇಲೆ
ಗಾಜಿನಾಚೆಯ ಬೆಟ್ಟಕ್ಕೆ ಹೇಳುವವನಂತೆ ಕೇಳಿದ:
"ಅಪ್ಪಾ, ಕುರಿಯ ರೋಗ ಬಂದವರು
ಎಷ್ಟು ದಿನ ಬದುಕುತ್ತಾರೆ?"

ಯಾರಿಗೆ ಬಂದಿದೆ?
ಉತ್ತರವಿಲ್ಲ.
ಪೆಟ್ಟಿಗೆಯೊಳಗಿನ ಶೀಷೆಗಳ ಕಿಣಿಕಿಣಿ ಮಾತ್ರ.
ಆಮೇಲೆ, ಅರ್ಧ ಗಂಡಸಿನ ಅರ್ಧ ಮಗುವಿನ ದನಿಯಲ್ಲಿ:
"ಎದೆಯಲ್ಲಿ ಗಂಟಿದೆ. ಎಡಗಡೆ. ಜರ್ದಾಳು ಬೀಜದಷ್ಟು.
ಅಂಗಿ ತಾಗಿದರೂ ನೋವು.
ಮೂರು ವಾರವಾಯಿತು."

ಮೂರು ವಾರ!
ನನ್ನ ಮಾತಿನ ಮಳೆಯಡಿಯಲ್ಲೇ ಕೂತು
ನನ್ನ ಮಗ ದಿನ ಎಣಿಸುತ್ತಿದ್ದ.

ಕಾರು ನಿಲ್ಲಿಸಿದೆ.
ಮುಖ ನೋಡಲಿಲ್ಲ, ಸ್ಟಿಯರಿಂಗ್ ನೋಡುತ್ತಲೇ ಹೇಳಿದೆ:
ನನಗೂ ಇತ್ತು.
ಬಲಗಡೆ.
ಹುಡುಗಿಯಾಗಿಬಿಡುತ್ತೇನೆಂದು ಹೆದರಿ
ಒಂದಿಡೀ ಬೇಸಿಗೆ ಅಜ್ಜನ ಸೊಂಟಪಟ್ಟಿ ಎದೆಗೆ ಬಿಗಿದು
ಕುರಿ ಕಾದೆ, ಕೆರೆಗಿಳಿಯಲಿಲ್ಲ.
ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಕೆಮ್ಮುತ್ತಿದ್ದರು.
ಅದು ರೋಗವಲ್ಲ ಕಣೋ. ಮೈ ಬೆಳೆಯುವಾಗಿನ ಗಡಿಬಿಡಿ.
ಬಹಳ ಹುಡುಗರಿಗೆ ಬರುತ್ತದೆ,
ಒಂದೆರಡು ವರ್ಷದಲ್ಲಿ ತಾನೇ ಕರಗುತ್ತದೆ.
ಆದರೂ ಡಾಕ್ಟರಿಗೆ ತೋರಿಸೋಣ,
ನಾನು ಕುರಿಗಳ ಡಾಕ್ಟರು.

ನಕ್ಕನೋ ಅತ್ತನೋ, ಮೂಗು ಮಾತ್ರ ಸುರ್ರೆಂದಿತು.

ಆಮೇಲೆ ನೋಡಿ, ಕಟ್ಟೆ ಒಡೆಯಿತು.
ಬೆವರು ಯಾಕೆ ಹೋತದ ಹಾಗೆ ನಾರುತ್ತದೆ,
ಎರ್ಮೆಕ್‌ಗೆ ಮೀಸೆ ಬಂತು, ನನಗೇಕಿಲ್ಲ,
ಮಂಡಿ ರಾತ್ರಿ ಯಾಕೆ ನೋಯುತ್ತದೆ,
ಸುಮ್ಮಸುಮ್ಮನೆ ಅಮ್ಮನ ಮೇಲೆ ಯಾಕೆ ರೇಗುತ್ತೇನೆ,
ದನಿ ಯಾಕಪ್ಪ ಒಡೆಯುತ್ತದೆ, ಮತ್ತೆ ಕೂಡುತ್ತದಾ?
ಮಡಕೆಯೂ ಒಡೆಯುತ್ತದೆ, ಮೊಳಕೆಯೂ ಒಡೆಯುತ್ತದೆ, ಎಂದೆ.
"ಅದು ಉತ್ತರವಲ್ಲ" ಎಂದ.
ಸರಿ. ಗಂಟಲಿನ ಪೆಟ್ಟಿಗೆ ದೊಡ್ಡದಾಗುತ್ತಿದೆ,
ತಂತಿ ಉದ್ದವಾಗಿ ದಪ್ಪವಾಗುತ್ತಿದೆ,
ಹೊಸ ಕೊಮುಜ್‌ಗೆ ಶ್ರುತಿ ಕೂರಲು ದಿನ ಬೇಕಲ್ಲ, ಹಾಗೆ.
ಇದಕ್ಕೆ ತಲೆದೂಗಿದ.

ಇನ್ನೊಂದು ಕೇಳಿದ. ಅದನ್ನಿಲ್ಲಿ ಬರೆಯುವುದಿಲ್ಲ, ಅದು ಅವನದು.
ನನಗೆ ಗೊತ್ತಿರಲಿಲ್ಲ.
"ಗೊತ್ತಿಲ್ಲ" ಎಂದೆ, ನಲವತ್ತಾರು ವರ್ಷದಲ್ಲಿ ಬಹುಶಃ ಮೊದಲ ಸಲ,
ಲಸಿಕೆ ಚೀಟಿಯ ಹಿಂದೆ ಬರೆದುಕೊಂಡೆ,
ಗುಲ್ನಾಜಳನ್ನು ಕೇಳಲು.

ಹುಲ್ಲುಗಾವಲು ತಲುಪಿದಾಗ ಬಿಸಿಲು ಇಳಿದಿತ್ತು.
ಅಲಾ ಆಗಲೇ ಇಳಿದು ಓಡಿ ಆಚೆ ದಿಬ್ಬದಲ್ಲಿತ್ತು.
ಕುಬಾನ್ ಕೂಗಿದ. ದನಿ ನಡುವೆ ಮುರಿದು
ಕೆಳಗೆಲ್ಲೋ ಬಿತ್ತು, ನನ್ನಪ್ಪನ ದನಿಯ ಹತ್ತಿರ.
ನಾಯಿ ತಲೆಯೆತ್ತಿ ನಿಂತಿತು,
ಅವನನ್ನು ನೋಡಿತು, ನನ್ನನ್ನು ನೋಡಿತು.

ಅವನು ಇನ್ನೊಮ್ಮೆ ಕೂಗಿದ.