ಕಲಬುರಗಿ ಗಂಜ್, ಕೆಂಪು ವಹಿ

ದೇಶದಾಗ ಕೂಲಿ ಖರ್ಚು ಏರ್ಯಾದಂತ
ಟಿವಿಯವ ಗೆರಿ ಎಳದು ತೋರಸ್ತಾನ.
ಗಂಜಿನಾಗ ನಮ್ಮ ದಾಲ್‌ಮಿಲ್ಲಿನ ಕೆಂಪು ವಹಿಯಾಗೂ
ಆ ಗೆರಿ ಅದ, ನನ್ನ ಅಕ್ಷರದಾಗ:
ಚೀಲಕ್ಕ ಎರಡೂವರಿ, ನಾಕು, ಆಮ್ಯಾಗ ಏಳು.
ಚೀಲ ನೂರು ಕಿಲೋದ್ದು ಐವತ್ತಾತು,
ಭೀಮಶ್ಯಾ ಹಲಗಿ ಎರಡು ಸಲ ಏರ್ತಾನ.

ಲಾಲಬಿಯ ದಿನಗೂಲಿ ಅರವತ್ತಿತ್ತು, ಈಗ ಮುನ್ನೂರು.
ಆವಾಗ ಸಂಜಿಗಿ, ಲೈಟ್ ಹೋದ ಮ್ಯಾಗ,
ನೆಲಕ್ಕ ಚೆಲ್ಲಿದ ತೊಗರಿ ಬಳದು
ಮಣ್ಣು ಸಮೇತ ಸೆರಗಿಗಿ ಕಟ್ಟಿಕೊಂಡು ಒಯ್ತಿದ್ದಳು.
ಸೇಠರು ಆಕಡೆ ಮಾರಿ ತಿರುವತಿದ್ದರು,
ನಾ ಪೆನ್ನಿಗಿ ಟೊಪಗಿ ಹಾಕತಿದ್ದೆ.
ಹೊಸ ಮಷೀನು ಒಂದು ಕಾಳೂ ಚೆಲ್ಲೂದಿಲ್ಲ.

ನಿನ್ನೆ ಪಗಾರ ಎಣಿಸಿ,
ಅದರಾಗಿಂದೇ ಒಂದು ನೋಟು ತಿರುಗಿ ಚಾಚಿ
“ಅರ್ಧ ಕಿಲೋ ಬ್ಯಾಳಿ ಕೊಡ್ರಿ ಮುನೀಮರೇ” ಅಂದಳು.
ಛಲೋ ಬ್ಯಾಳಿ, ಒಂದು ಹರಳೂ ಇಲ್ಲ.
ತೂಗಿದೆ. ಜಮಾ ಬರದೆ.