ತಣ್ಣೀರು

ಆಸ್ಪತ್ರೆಯ ಬಟ್ಟೆ ಒಗೆಯುವವಳು ನಾನು, ಸಯ್ರ.
ಯಾರಿಗೆ ಏನಾಯಿತೆಂದು ಯಾರೂ ನನಗೆ ಹೇಳಬೇಕಿಲ್ಲ,
ತೊಟ್ಟಿಯಲ್ಲಿ ನೆನೆಸಿದ ಹಸಿರು ಬಟ್ಟೆಯೇ ಹೇಳುತ್ತದೆ.
ರಕ್ತಕ್ಕೆ ತಣ್ಣೀರೇ ಬೇಕು. ಬಿಸಿ ಸುರಿದರೆ ಕಲೆ ಕೂತುಬಿಡುತ್ತದೆ,
ಹೊಸ ನರ್ಸುಗಳಿಗೆ ಎಷ್ಟು ಹೇಳಿದರೂ ಅಷ್ಟೇ.

ಅಂಚಿನಲ್ಲಿ ಹಳದಿ ಕಂಡರೆ ಪಿತ್ತಕೋಶ.
ಗರ್ಭದ ನೀರಿನ ವಾಸನೆ ಬಂದರೆ ಕೂಸು;
ಅವತ್ತು ಬಕೆಟ್ಟಿನ ಮುಂದೆ ಗುನುಗಿಕೊಳ್ಳುತ್ತೇನೆ.
ಕುದುರೆಯ ಕೂದಲು ಅಂಟಿದ್ದರೆ
ಯಾವನೋ ಕೊಕ್‌ಬೊರು ಆಡಲು ಹೋಗಿ ಬಿದ್ದು
ಗುಲ್ಮ ಒಡೆದುಕೊಂಡಿದ್ದಾನೆ.

ನಾರಿನ್ ಪಟ್ಟಣಕ್ಕೆ ಹೋಗುವ ಘಾಟಿಯ ದಾರಿ
ನವೆಂಬರಿನಲ್ಲಿ ಮುಚ್ಚಿದರೆ ಏಪ್ರಿಲ್‌ವರೆಗೆ ಹಿಮದ್ದು.
ಆಮೇಲೆ ಕಣಿವೆಗೆ ಉಳಿಯುವುದು ಒಬ್ಬರೇ, ತೊಕ್ತೊಸುನ್ ಡಾಕ್ಟರು.
ಮೂಳೆ ಅವರದೇ, ಕರುಳು ಅವರದೇ,
ಚಳಿಗೆ ಕಪ್ಪಾದ ಕುರುಬನ ಕಾಲ್ಬೆರಳು ಅವರದೇ,
ಅಡ್ಡ ಮಲಗಿದ ಕೂಸನ್ನು ಹೊರಗೆ ತರುವುದೂ.
ಕರೆಂಟು ಹೋದರೆ ಜನರೇಟರಿನ ಕಿವಿ ಹಿಂಡುವುದೂ.

ಊರ ಬಾನ್ಯಾದ ಹಬೆಯಲ್ಲಿ ಗಂಡಸರು ಅಂಗಿ ಬಿಚ್ಚಿದರೆ
ಅರ್ಧ ಕಣಿವೆಯ ಹೊಟ್ಟೆಯ ಮೇಲೆ ಅವರ ಕೈಬರಹವಂತೆ,
ನನ್ನ ಗಂಡ ಹೇಳಿದ್ದು.
ನನ್ನ ಹೊಟ್ಟೆಯ ಮೇಲೂ ಒಂದು ಸಾಲಿದೆ.
ಅದನ್ನು ಓದಿದವನು ಅವನೊಬ್ಬನೇ.

ರಾಜಧಾನಿಯ ಡಾಕ್ಟರಿಗೆ ಸತ್ತವರು ಕಡತದಲ್ಲಿರುತ್ತಾರೆ.
ಇಲ್ಲಿ ಸತ್ತವಳ ತಾಯಿ ರೊಟ್ಟಿ ಮಾರುತ್ತಾಳೆ.

ಉಪೋಲಳ ಮಗಳು, ಹನ್ನೊಂದು ವರ್ಷ,
ಬೇಸಿಗೆಯ ಹುಲ್ಲುಗಾವಲಿನಿಂದ ಕುದುರೆಯ ಮೇಲೆ ಬಂದು ಮುಟ್ಟುವಾಗ
ಅಪೆಂಡಿಕ್ಸ್ ಒಡೆದು ನಾಲ್ಕು ದಿನ.
ಆ ಬಟ್ಟೆಗಳನ್ನು ಎರಡು ಸಲ ಒಗೆದೆ.
ಮೂರನೆಯ ಸಲ ಒಗೆಯಬೇಕಾಗಿರಲಿಲ್ಲ, ಒಗೆದೆ.

ಮಾರನೆಯ ವಾರದಿಂದ ಆರು ವರ್ಷ
ಬೆಳಿಗ್ಗೆ ಏಳಕ್ಕೆ ಅವಳ ತಂದೂರಿನ ಮುಂದೆ ಡಾಕ್ಟರು.
ಇನ್ನೊಂದು ಅಂಗಡಿ ಇದೆ, ಹತ್ತಿರವೂ ಹೌದು. ಹೋಗಲಿಲ್ಲ.
ಅವಳು ಮುಖ ನೋಡಳು. ನಿನ್ನೆಯ ರೊಟ್ಟಿ ಕೊಡುವಳು.
ಚಿಲ್ಲರೆಯನ್ನು ಹಲಗೆಯ ಮೇಲಿಡುವಳು, ಕೈಗಲ್ಲ.

ಈ ಫೆಬ್ರವರಿ, ಹಿಮ ಕಿಟಕಿಯ ಎದೆಮಟ್ಟ ಏರಿದ ರಾತ್ರಿ,
ಉಪೋಲಳನ್ನೇ ಜಾರುಬಂಡಿಯಲ್ಲಿ ಹೊತ್ತು ತಂದರು.
ಹರ್ನಿಯಾ ಸಿಕ್ಕಿಕೊಂಡು ಕರುಳು ನೀಲಿಗಟ್ಟುತ್ತಿತ್ತು.
"ಬೇರೆ ಯಾರಾದರೂ ಇದ್ದಾರಾ?" ಅಂದಳಂತೆ.
"ಇಲ್ಲ" ಅಂದರಂತೆ. ಅಷ್ಟೇ ಮಾತು.

ಅವರು ಕೈ ತೊಳೆಯುವ ನಲ್ಲಿ ನನ್ನ ಗೋಡೆಯ ಆಚೆಗಿದೆ.
ಆ ಸದ್ದು ಎಷ್ಟು ಹೊತ್ತೆಂದು ನನಗೊಂದು ಲೆಕ್ಕವಿದೆ.
ಅವತ್ತು ಲೆಕ್ಕ ತಪ್ಪಿತು. ನೀರು ಹರಿಯುತ್ತಲೇ ಇತ್ತು,
ಹರಿಯುತ್ತಲೇ.
ಆಮೇಲೆ ನಿಂತಿತು.

ಬೆಳಗಿನ ಬಟ್ಟೆಯಲ್ಲಿ ಹೆಚ್ಚೇನೂ ಇರಲಿಲ್ಲ:
ಅಂಗೈಯಗಲ ಕಂದು, ಒಂದು ತುಂಡು ದಾರ,
ಅವರ ಟೋಪಿಯ ಒಳಪಟ್ಟಿಯಲ್ಲಿ ಬೆವರು ಒಣಗಿದ ಬಿಳಿ ಗೆರೆ.
ತಣ್ಣೀರಿಗೆ ಹಾಕಿದೆ. ಬಿಟ್ಟಿತು.

ಏಪ್ರಿಲ್ ಬಂತು, ದಾರಿ ತೆರೆಯಿತು, ಹಿಟ್ಟಿನ ಲಾರಿ ಬಂತು.
ರೊಟ್ಟಿಯ ಸಾಲಿನಲ್ಲಿ ನಾನಿದ್ದೆ, ಅವರ ಬೆನ್ನ ಹಿಂದೆಯೇ.
ಉಪೋಲ್ ಈಗಲೂ ಮುಖ ನೋಡಲಿಲ್ಲ.
ಚಿಲ್ಲರೆ ಈಗಲೂ ಹಲಗೆಯ ಮೇಲೆ.
ಬಗ್ಗಿ, ತಂದೂರಿನೊಳಕ್ಕೆ ಭುಜದವರೆಗೆ ಇಳಿದು
ಗೋಡೆಯಿಂದ ಕಿತ್ತು ತಂದಳು ಹಬೆಯಾಡುವುದೊಂದನ್ನು.
ಹಿಡಿಯಲಾಗದೆ ಡಾಕ್ಟರು
ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ
ದಾಟಿಸುತ್ತಾ ದಾಟಿಸುತ್ತಾ
ನಡೆದರು ಆಸ್ಪತ್ರೆಯ ಕಡೆಗೆ.